ಸಮೀಪವೆಂಬುದರ ಅಳತೆ

ರೋಗಿಯಿರುವ ಸ್ಥಳದ ಅಕ್ಷಾಂಶ, ರೇಖಾಂಶಗಳನ್ನು ಕೊಟ್ಟು, ಅತ್ಯಂತ ಸಮೀಪದ ಆಸ್ಪತ್ರೆ ಯಾವುದೆಂದು ಗಣಕಯಂತ್ರವನ್ನು ಕೇಳುವ ಕಾಲವಿದು. ಯಂತ್ರವು ತನ್ನ ಪಟ್ಟಿಯಲ್ಲಿರುವ ಒಂದೊಂದು ಸ್ಥಳಕ್ಕೂ ಅಂತರವನ್ನು ಎಣಿಸಿ, ಕನಿಷ್ಠವಾದುದನ್ನು ಹೇಳುತ್ತದೆ. ಆದರೆ ಯಾವ ಮಾನದಿಂದ ಎಣಿಸಬೇಕೆಂಬುದನ್ನು ಪ್ರೋಗ್ರಾಂ ಬರೆದವನೇ ವಿಧಿಸಬೇಕು.

ಡಿಗ್ರಿಗಳನ್ನೇ ದೂರವೆಂದು ಭಾವಿಸಿ ಲೆಕ್ಕ ಹಾಕುವುದು ಸುಲಭ, ಆದರೆ ಸರಿಯಲ್ಲ. ಅಕ್ಷಾಂಶದ ಒಂದು ಡಿಗ್ರಿ ಎಲ್ಲೆಡೆಯೂ ಸುಮಾರು 111 ಕಿ.ಮೀ. ರೇಖಾಂಶದ ಡಿಗ್ರಿಯಾದರೋ ಧ್ರುವದತ್ತ ಸಾಗಿದಂತೆ ಕಿರಿದಾಗುತ್ತದೆ. ಧಾರವಾಡದಲ್ಲಿ ಅದು ಸುಮಾರು 107 ಕಿ.ಮೀ. ಆದುದರಿಂದ ಇಲ್ಲಿ ಪರೀಕ್ಷಿಸಿದವನಿಗೆ ದೋಷವು ಅಷ್ಟಾಗಿ ಕಾಣಿಸದು. ಫಿನ್ಲೆಂಡಿನ ಹೆಲ್ಸಿಂಕಿಯಲ್ಲಿ ಅದು ಸುಮಾರು 55 ಕಿ.ಮೀ. ಮಾತ್ರ. ಆ ನಗರಕ್ಕೆ ಪೂರ್ವದಲ್ಲಿರುವ ಪೋರ್ವೋ, ದಕ್ಷಿಣಕ್ಕೆ ಕಡಲಾಚೆ ಎಸ್ಟೋನಿಯದಲ್ಲಿರುವ ಟ್ಯಾಲಿನ್, ಎರಡೂ ಡಿಗ್ರಿಯ ಲೆಕ್ಕದಲ್ಲಿ ಹೆಚ್ಚುಕಡಿಮೆ ಮುಕ್ಕಾಲು ಡಿಗ್ರಿ ದೂರ. ವಾಸ್ತವವಾಗಿ ಪೋರ್ವೋ 50 ಕಿ.ಮೀ.ಗಳೊಳಗಿದೆ, ಟ್ಯಾಲಿನ್ 80 ಕಿ.ಮೀ.ಗೂ ಮಿಕ್ಕಿದೆ. ಇಂತಹ ಲೆಕ್ಕವನ್ನು ನಂಬಿದರೆ ರೋಗಿಯನ್ನು ಕಡಲು ದಾಟಿಸಬೇಕಾದೀತು!

ಇದಕ್ಕೆ ಪರಿಹಾರವುಂಟು. ಭೂಮಿಯನ್ನು 6,371 ಕಿ.ಮೀ. ತ್ರಿಜ್ಯದ ಗೋಳವೆಂದೆಣಿಸಿ, ಹ್ಯಾವರ್ಸೈನ್ ಸೂತ್ರದಿಂದ ಅಂತರವನ್ನು ಕಂಡುಕೊಳ್ಳಬೇಕು. ಇನ್ನೊಂದು ಎಚ್ಚರವೂ ಅಗತ್ಯ. ನಡುಗಡಲಿನ ಬಿಂದುವಿಗೂ ಯಂತ್ರವು ಯಾವುದಾದರೊಂದು ಸ್ಥಳವನ್ನು ಹೆಸರಿಸದೆ ಬಿಡದು. ಇಂತಿಷ್ಟು ದೂರ ಮೀರಿದರೆ ‘ಸಮೀಪದಲ್ಲಿ ಯಾವುದೂ ಇಲ್ಲ’ ಎನ್ನುವುದನ್ನೂ ಅದಕ್ಕೆ ಕಲಿಸಬೇಕು.

ಗಣಕಶಾಸ್ತ್ರ ಓದುತ್ತಿರುವ ನಮ್ಮ ಮಕ್ಕಳು ಇದನ್ನು ಮನಗಾಣಲಿ. ಉತ್ತರ ಬಂದಿತೆಂದು ಹಿಗ್ಗುವ ಮುನ್ನ, ಅಳೆದ ಕೋಲು ಸರಿಯಿತ್ತೇ ಎಂದು ನೋಡುವುದು ವಿವೇಕ.