ಗೊರಕೆ ನಿಂತು ಉಸಿರೂ ನಿಂತಾಗ: ನಿದ್ರಾ ಪರೀಕ್ಷೆಗೆ ಹೋಗುವ ಮುನ್ನ

ಗೊರಕೆ ಹೊಡೆಯುವವರಿಗೆ ಒಳ್ಳೆಯ ನಿದ್ದೆ ಬಂದಿದೆ ಎಂಬುದು ನಮ್ಮಲ್ಲಿ ಬೇರೂರಿರುವ ತಪ್ಪು ಕಲ್ಪನೆ. ಕೆಲವರಲ್ಲಿ ನಿದ್ದೆಯಲ್ಲಿ ಗಂಟಲಿನ ಸ್ನಾಯುಗಳು ಸಡಿಲಗೊಂಡು ಶ್ವಾಸದ ದಾರಿ ಮುಚ್ಚಿಕೊಳ್ಳುತ್ತದೆ. ಹತ್ತು ಸೆಕೆಂಡು ಅಥವಾ ಅದಕ್ಕೂ ಹೆಚ್ಚು ಹೊತ್ತು ಉಸಿರು ನಿಲ್ಲುತ್ತದೆ. ರಕ್ತದಲ್ಲಿ ಆಮ್ಲಜನಕ ಇಳಿದಾಗ ಮೆದುಳು ಎಚ್ಚರಿಸುತ್ತದೆ, ಅವರು ಏದುಸಿರಿನೊಂದಿಗೆ ಹೊರಳಿ ಮತ್ತೆ ಮಲಗುತ್ತಾರೆ. ಇದೇ ಸ್ಲೀಪ್ ಆಪ್ನಿಯಾ. ಬೆಳಿಗ್ಗೆ ಅವರಿಗೆ ಏನೂ ನೆನಪಿರುವುದಿಲ್ಲ. ನೆನಪಿರುವುದು ಪಕ್ಕದಲ್ಲಿ ಮಲಗಿದವರಿಗೆ.

ಇದನ್ನು ಕಡೆಗಣಿಸಿದರೆ ರಕ್ತದೊತ್ತಡ, ಹೃದಯದ ಕಾಯಿಲೆ ಮತ್ತು ಪಾರ್ಶ್ವವಾಯುವಿನ ಅಪಾಯ ಹೆಚ್ಚುತ್ತದೆ. ಸಂಪಾಜೆ, ಶಿರಾಡಿಯಂತಹ ಘಾಟಿಯಲ್ಲಿ ವಾಹನ ಓಡಿಸುವವರಿಗೆ ಒಂದು ಕ್ಷಣದ ತೂಕಡಿಕೆಯೂ ಪ್ರಾಣಾಂತಿಕ.

ಸಹೋದರಿಯರೇ, ಈ ರೋಗ ಗಂಡಸರಿಗೆ ಮಾತ್ರ ಸೀಮಿತವಲ್ಲ. ಮುಟ್ಟು ನಿಂತ ಬಳಿಕ ಹೆಂಗಸರಲ್ಲೂ ಹೆಚ್ಚುತ್ತದೆ. ದೊಡ್ಡ ಗೊರಕೆ ಇಲ್ಲದೆಯೂ ಸದಾ ಸುಸ್ತು, ಬೆಳಗಿನ ತಲೆನೋವು, ನಿದ್ದೆ ಹತ್ತದಿರುವುದು ಕಾಣಿಸಬಹುದು. ಅದನ್ನು ಮನೆಗೆಲಸದ ಆಯಾಸವೆಂದು ತಳ್ಳಿಹಾಕುವುದೇ ಹೆಚ್ಚು.

ಪರೀಕ್ಷೆ ಹೇಗಿರುತ್ತದೆ?

ರಾತ್ರಿ ಆಸ್ಪತ್ರೆಯ ಕೋಣೆಯಲ್ಲಿ ಮಲಗಬೇಕು. ತಲೆ, ಕಣ್ಣಿನ ಬದಿ, ಗಲ್ಲ, ಎದೆ ಮತ್ತು ಕಾಲಿಗೆ ತಂತಿಗಳನ್ನು ಅಂಟಿಸುತ್ತಾರೆ. ಎದೆ ಹಾಗೂ ಹೊಟ್ಟೆಗೆ ಪಟ್ಟಿ, ಮೂಗಿನ ಬಳಿ ಸಣ್ಣ ಕೊಳವೆ, ಬೆರಳಿಗೆ ಕ್ಲಿಪ್ ಇರುತ್ತದೆ. ಸೂಜಿ ಚುಚ್ಚುವುದಿಲ್ಲ, ಶಾಕ್ ಕೊಡುವುದಿಲ್ಲ. ಶೌಚಕ್ಕೆ ಹೋಗಬೇಕಾದರೆ ತಂತಿ ಬಿಡಿಸಿಕೊಡುತ್ತಾರೆ. ‘ಅಲ್ಲಿ ನಿದ್ದೆಯೇ ಬರದಿದ್ದರೆ?’ ಎಂಬ ಚಿಂತೆ ಎಲ್ಲರಿಗೂ ಇದೆ. ಕೆಲವು ಗಂಟೆಯ ನಿದ್ದೆಯಿಂದಲೂ ಹೆಚ್ಚಾಗಿ ಬೇಕಾದ ಮಾಹಿತಿ ಸಿಗುತ್ತದೆ.

ಕೆಲವರಿಗೆ ಸಣ್ಣ ಉಪಕರಣ ಕೊಟ್ಟು ಮನೆಯಲ್ಲೇ ಪರೀಕ್ಷಿಸುತ್ತಾರೆ. ಅದರಲ್ಲಿ ಏನೂ ಕಾಣದೆ ತೊಂದರೆ ಮುಂದುವರಿದರೆ ಆಸ್ಪತ್ರೆಯ ಪರೀಕ್ಷೆ ಅಗತ್ಯ.

ಸಿದ್ಧತೆ

* ಅಂದು ತಲೆ ತೊಳೆದುಕೊಳ್ಳಿ, ಎಣ್ಣೆ ಹಚ್ಚಬೇಡಿ. ಎಣ್ಣೆಯಿದ್ದರೆ ತಂತಿ ಅಂಟುವುದಿಲ್ಲ. ಉಗುರಿನ ಬಣ್ಣ ತೆಗೆಯಿರಿ. ಬೆರಳಿಗೆ ಗಾಢ ಮದರಂಗಿ ಇದ್ದರೆ ತಿಳಿಸಿ.
* ಮಧ್ಯಾಹ್ನದ ನಂತರ ಚಹಾ, ಕಾಫಿ ಬೇಡ. ಹಗಲು ನಿದ್ದೆಯೂ ಬೇಡ.
* ನಿತ್ಯದ ಮಾತ್ರೆಗಳನ್ನು ಜೊತೆಗೆ ಒಯ್ಯಿರಿ. ನಿದ್ದೆ ಮಾತ್ರೆಯನ್ನು ವೈದ್ಯರನ್ನು ಕೇಳದೆ ನಿಲ್ಲಿಸಬೇಡಿ.
* ತಂತಿ ಜೋಡಿಸಲು ಮಹಿಳಾ ಸಿಬ್ಬಂದಿ ಇದ್ದಾರೆಯೇ, ಜೊತೆಗೊಬ್ಬರು ಇರಬಹುದೇ ಎಂದು ಮೊದಲೇ ವಿಚಾರಿಸಿ. ಕೋಣೆಯಲ್ಲಿ ಕ್ಯಾಮೆರಾ ಇರುತ್ತದೆ; ಮೈಮುಚ್ಚುವ ಸಡಿಲ ಉಡುಪು ಧರಿಸಿ. ಫಜ್ರ್‌ಗೆ ಏಳುವ ಸಮಯವನ್ನೂ ತಿಳಿಸಿ.
* ಸಹರಿಗಾಗಿ ನಿದ್ದೆಯ ಹೊತ್ತು ಬದಲಾಗುವುದರಿಂದ, ತುರ್ತಿಲ್ಲದಿದ್ದರೆ ರಮಝಾನ್ ಬಿಟ್ಟು ಬೇರೆ ದಿನ ಆರಿಸಿಕೊಳ್ಳುವುದು ಒಳ್ಳೆಯದು.
* ಖರ್ಚೆಷ್ಟು, ವಿಮೆಯಲ್ಲಿ ಸಿಗುತ್ತದೆಯೇ ಎಂದು ಹೋಗುವ ಮೊದಲೇ ಕೇಳಿಕೊಳ್ಳಿ.

ಪುತ್ತೂರು, ಸುಳ್ಯ, ಕಡಬ ಕಡೆಯಿಂದ ಮಂಗಳೂರಿಗೆ ಪರೀಕ್ಷೆಗೆ ಹೋದವರು ಮರುದಿನ ತಾವೇ ವಾಹನ ಓಡಿಸಿಕೊಂಡು ಮರಳಬಾರದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲೂ ನಿದ್ರಾ ಪರೀಕ್ಷೆಯ ವ್ಯವಸ್ಥೆಯಿದೆ.

ವರದಿಯಲ್ಲಿ ಏನಿರುತ್ತದೆ?

ಗಂಟೆಗೆ ಸರಾಸರಿ ಎಷ್ಟು ಬಾರಿ ಉಸಿರು ನಿಂತಿತು ಅಥವಾ ಕುಗ್ಗಿತು ಎಂಬ ಲೆಕ್ಕವಿರುತ್ತದೆ. ವಯಸ್ಕರಲ್ಲಿ 5ಕ್ಕಿಂತ ಕಡಿಮೆಯಾದರೆ ಸಹಜ, 5ರಿಂದ 15 ಸೌಮ್ಯ, 15ರಿಂದ 30 ಮಧ್ಯಮ, 30ಕ್ಕೂ ಮೀರಿದರೆ ತೀವ್ರ. ಮಕ್ಕಳ ಲೆಕ್ಕ ಬೇರೆ. ಅವರಲ್ಲಿ ಬೆಳೆದ ಟಾನ್ಸಿಲ್, ಅಡಿನಾಯ್ಡ್ ಮುಖ್ಯ ಕಾರಣಗಳು.

ತೂಕ ಇಳಿಸುವುದು, ಮಗ್ಗುಲಾಗಿ ಮಲಗುವುದರಿಂದ ಹಲವರಿಗೆ ಅನುಕೂಲವಾಗುತ್ತದೆ. ತೀವ್ರವಾಗಿದ್ದರೆ ಮೂಗಿಗೆ ಮಾಸ್ಕ್ ಹಾಕಿ ಗಾಳಿಯ ಒತ್ತಡದಿಂದ ಶ್ವಾಸದ ದಾರಿಯನ್ನು ತೆರೆದಿಡುವ ಸಿಪ್ಯಾಪ್ ಯಂತ್ರ ಬೇಕಾಗಬಹುದು. 1981ರಲ್ಲಿ ಆಸ್ಟ್ರೇಲಿಯಾದ ವೈದ್ಯ ಕಾಲಿನ್ ಸಲ್ಲಿವನ್ ಈ ವಿಧಾನವನ್ನು ಪ್ರಕಟಿಸಿದರು. ಇದು ಬಳಸಿದಷ್ಟು ದಿನ ಮಾತ್ರ ಫಲ ಕೊಡುತ್ತದೆ. ಮಳೆಗಾಲದಲ್ಲಿ ಕರೆಂಟು ಹೋಗುವ ನಮ್ಮ ಊರುಗಳಲ್ಲಿ ಇನ್ವರ್ಟರ್ ಅಥವಾ ಬ್ಯಾಟರಿಯ ಬಗ್ಗೆ ಕೊಳ್ಳುವಾಗಲೇ ಕೇಳಬೇಕು.

ಮನೆಯವರ ಉಸಿರು ನಿಂತಂತೆ ಕಂಡರೆ ಮೊಬೈಲಿನಲ್ಲಿ ಒಂದೆರಡು ನಿಮಿಷ ಚಿತ್ರೀಕರಿಸಿ ವೈದ್ಯರಿಗೆ ತೋರಿಸಿ. ನಿಮ್ಮ ನಿದ್ದೆಯ ಬಗ್ಗೆಯೂ ಅವರನ್ನು ಕೇಳಿ ನೋಡಿ.