ಒಮೆಗಾ–3: ಕ್ಯಾಪ್ಸೂಲ್‌ಗಿಂತ ಮೊದಲು ಊಟ ಸರಿಯಾಗಲಿ

ಹೃದಯಕ್ಕೆ ಒಳ್ಳೆಯದು, ಮಕ್ಕಳ ಮಿದುಳಿಗೆ ಒಳ್ಳೆಯದು ಎಂಬ ಮಾತಿನ ಬೆನ್ನೇರಿ ಒಮೆಗಾ–3 ಇರುವ ಮೀನೆಣ್ಣೆಯ ಕ್ಯಾಪ್ಸೂಲ್ ನಮ್ಮ ನಗರಗಳ ಮನೆಮನೆ ಸೇರುತ್ತಿದೆ. ಅದನ್ನು ತಪ್ಪದೆ ನುಂಗುವ ಎಷ್ಟೋ ಮನೆಗಳ ಊಟದಲ್ಲಿ ಅಗಸೆ ಚಟ್ನಿಪುಡಿಯಾಗಲಿ, ಬೂತಾಯಿ ಮೀನಿನ ಸಾರಾಗಲಿ ಕಾಣುವುದಿಲ್ಲ. ಊಟದಿಂದ ಕೈಬಿಟ್ಟದ್ದನ್ನು ಔಷಧದಂಗಡಿಯಿಂದ ತರುವ ಈ ಕ್ರಮ ದುಬಾರಿ. ಆರೋಗ್ಯವಂತರಾದ ಹೆಚ್ಚಿನವರಿಗೆ ಅದರ ಅಗತ್ಯವೂ ಇಲ್ಲ.

ಒಮೆಗಾ–3 ಎಂದರೆ ಒಂದು ಬಗೆಯ ಕೊಬ್ಬು. ಕೊಬ್ಬೇ ಇಲ್ಲದ ಆಹಾರ ತಿಂದ ಇಲಿಗಳ ಬೆಳವಣಿಗೆ ಕುಂಠಿತಗೊಂಡು ಚರ್ಮ ಹಕ್ಕಳೆಗಟ್ಟುವುದನ್ನು 1929ರಲ್ಲಿ ಅಮೆರಿಕದ ಜಾರ್ಜ್ ಮತ್ತು ಮಿಲ್ಡ್ರೆಡ್ ಬರ್ ದಂಪತಿ ತೋರಿಸಿಕೊಟ್ಟರು. ಇಲಿಗಳಂತೆಯೇ ಎರಡು ಕೊಬ್ಬಿನಾಮ್ಲಗಳನ್ನು ನಮ್ಮ ದೇಹವೂ ತಾನಾಗಿ ತಯಾರಿಸಿಕೊಳ್ಳಲಾರದು: ಒಮೆಗಾ–6 ಗುಂಪಿನ ಲಿನೋಲಿಕ್ ಆಮ್ಲ, ಒಮೆಗಾ–3 ಗುಂಪಿನ ಆಲ್ಫಾ ಲಿನೋಲೆನಿಕ್ ಆಮ್ಲ. ಎರಡೂ ಆಹಾರದಿಂದಲೇ ಬರಬೇಕು.

ಮೊದಲನೆಯದಕ್ಕೆ ನಮ್ಮಲ್ಲಿ ಬರವಿಲ್ಲ. ಸೂರ್ಯಕಾಂತಿ, ಕುಸುಬೆ, ಶೇಂಗಾ, ಎಳ್ಳು, ಗುರೆಳ್ಳು ಎಲ್ಲದರಲ್ಲೂ ಅದು ಧಾರಾಳವಾಗಿದೆ. ಕೊರತೆ ಇರುವುದು ಎರಡನೆಯದರಲ್ಲಿ. ಸೂರ್ಯಕಾಂತಿ ಮತ್ತು ಶೇಂಗಾ ಎಣ್ಣೆಗಳಲ್ಲಿ ಒಮೆಗಾ–3 ಇಲ್ಲವೆನ್ನುವಷ್ಟು ಕಡಿಮೆ. ಈ ಎರಡೂ ಆಮ್ಲಗಳನ್ನು ದೇಹ ಬಳಸಿಕೊಳ್ಳಲು ಬೇಕಾದ ಕಿಣ್ವಗಳು ಒಂದೇ ಆದ್ದರಿಂದ, ಒಮೆಗಾ–6 ಅತಿಯಾದರೆ ಇರುವ ಅಲ್ಪ ಒಮೆಗಾ–3 ಕೂಡ ಪೂರ್ಣವಾಗಿ ಉಪಯೋಗಕ್ಕೆ ಬರುವುದಿಲ್ಲ. ಹಾಗಾಗಿ ಎಣ್ಣೆ ಹೆಚ್ಚಿಸುವುದು ಪರಿಹಾರವಲ್ಲ, ಸಮತೋಲನ ತರುವುದು ಪರಿಹಾರ.

ಆ ಸಮತೋಲನ ಉತ್ತರ ಕರ್ನಾಟಕದ ಊಟದಲ್ಲಿ ಹಿಂದಿನಿಂದಲೂ ಇತ್ತು. ಜೋಳದ ರೊಟ್ಟಿಯ ಜೊತೆಗಿನ ಅಗಸೆ ಹಿಂಡಿ (ಚಟ್ನಿಪುಡಿ) ಅದಕ್ಕೆ ಸಾಕ್ಷಿ. ಅಗಸೆ ಎಣ್ಣೆಯ ಅರ್ಧದಷ್ಟು ಭಾಗ ಒಮೆಗಾ–3. ವಯಸ್ಕರಿಗೆ ದಿನಕ್ಕೆ ಬೇಕಾದದ್ದು ಸುಮಾರು 1ರಿಂದ 1.6 ಗ್ರಾಂ ಆಲ್ಫಾ ಲಿನೋಲೆನಿಕ್ ಆಮ್ಲ. ಒಂದು ದೊಡ್ಡ ಚಮಚ ಅಗಸೆ ಪುಡಿಯಲ್ಲಿ ಹೆಚ್ಚುಕಡಿಮೆ ಅಷ್ಟು ಸಿಗುತ್ತದೆ. ಇಡೀ ಕಾಳು ಜೀರ್ಣವಾಗದೆ ಹೋಗುವುದರಿಂದ ಪುಡಿ ಮಾಡಿಯೇ ತಿನ್ನಬೇಕು. ಬೇಗ ಕಮಟುವುದರಿಂದ ಸ್ವಲ್ಪಸ್ವಲ್ಪವೇ ಮಾಡಿಟ್ಟುಕೊಳ್ಳಬೇಕು.

ಅಗಸೆಗೂ ಒಂದು ಮಿತಿ ಇದೆ. ಹೃದಯ, ಮಿದುಳು ಮತ್ತು ಕಣ್ಣಿಗೆ ನೇರವಾಗಿ ಬೇಕಾಗುವ ಇಪಿಎ, ಡಿಎಚ್‌ಎ ಎಂಬ ಒಮೆಗಾ–3ಗಳಾಗಿ ಅಗಸೆಯ ಆಲ್ಫಾ ಲಿನೋಲೆನಿಕ್ ಆಮ್ಲ ಮಾರ್ಪಡುವ ಪ್ರಮಾಣ ತೀರಾ ಕಡಿಮೆ. ಅವು ನೇರವಾಗಿ ಸಿಗುವುದು ಕರಾವಳಿಯ ಬೂತಾಯಿ, ಬಂಗುಡೆಯಂಥ ಕೊಬ್ಬಿನ ಮೀನುಗಳಲ್ಲಿ. ಇಂಥ 100 ಗ್ರಾಂ ಮೀನಿನಲ್ಲಿ ಎರಡೂ ಸೇರಿ ಸುಮಾರು 1 ಗ್ರಾಂ ಇರುತ್ತವೆ. ಸಾಮಾನ್ಯ 1000 ಮಿಲಿಗ್ರಾಂ ಮೀನೆಣ್ಣೆ ಕ್ಯಾಪ್ಸೂಲಿನಲ್ಲಿ ಇರುವುದು ಸುಮಾರು 300 ಮಿಲಿಗ್ರಾಂ. ವಾರಕ್ಕೆರಡು ಸಲ ಈ ಮೀನಿನ ಪುಳಿಮುಂಚಿಯೋ ಗಸಿಯೋ ಮಾಡಿ ಉಣ್ಣುವವರಿಗೆ ಕ್ಯಾಪ್ಸೂಲ್ ಬೇಕಿಲ್ಲ. ನಮ್ಮ ಕರಾವಳಿಯ ಬೂತಾಯಿಯಲ್ಲಿ ಒಂದು ಪಾಲು ಮನೆಯ ಅಡುಗೆಗೆ ಬರುವ ಬದಲು ಮೀನುಹಿಟ್ಟು, ಮೀನೆಣ್ಣೆ ಕಾರ್ಖಾನೆಗೆ ಹೋಗುತ್ತಿರುವುದು ನೋವಿನ ಸಂಗತಿ.

ಪೂರಕಗಳ ಬಗ್ಗೆ ದೊರೆತ ಪುರಾವೆಯೂ ಎಚ್ಚರಿಕೆ ಹೇಳುತ್ತದೆ. ಅಮೆರಿಕದಲ್ಲಿ ಸುಮಾರು 26 ಸಾವಿರ ಜನರನ್ನು ಐದು ವರ್ಷಕ್ಕೂ ಹೆಚ್ಚು ಕಾಲ ಗಮನಿಸಿ 2018ರಲ್ಲಿ ಪ್ರಕಟವಾದ ವೈಟಲ್ ಅಧ್ಯಯನದಲ್ಲಿ, ದಿನಕ್ಕೊಂದು ಗ್ರಾಂ ಮೀನೆಣ್ಣೆ ಹೃದಯಾಘಾತ, ಪಾರ್ಶ್ವವಾಯುಗಳಂಥ ಗಂಭೀರ ತೊಂದರೆಗಳ ಒಟ್ಟು ಸಂಖ್ಯೆಯನ್ನು ಗಮನಾರ್ಹವಾಗಿ ತಗ್ಗಿಸಲಿಲ್ಲ. ಲಾಭದ ಸುಳಿವು ಸಿಕ್ಕಿದ್ದು ಮುಖ್ಯವಾಗಿ ಮೀನು ಕಡಿಮೆ ತಿನ್ನುವವರಲ್ಲಿ. ಹೆಚ್ಚಿನ ಪ್ರಮಾಣ ಹೃದಯ ಬಡಿತದ ಲಯ ತಪ್ಪಿಸುವ ಅಪಾಯವೂ ಇದೆ. ರಕ್ತದಲ್ಲಿ ಟ್ರೈಗ್ಲಿಸರೈಡ್ ಎಂಬ ಕೊಬ್ಬು ತೀರಾ ಏರಿದವರಿಗೆ ವೈದ್ಯರು ಕೊಡುವ ಒಮೆಗಾ–3 ಔಷಧದ ಮಾತು ಬೇರೆ. ಮೀನು ತಿನ್ನದ ಗರ್ಭಿಣಿಯರು, ಬಾಣಂತಿಯರು ಪಾಚಿಯಿಂದ ತೆಗೆದ ಡಿಎಚ್‌ಎ ಬಗ್ಗೆ ವೈದ್ಯರನ್ನು ಕೇಳುವುದು ಸೂಕ್ತ.

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊರತಂದ ಆಹಾರ ಮಾರ್ಗಸೂಚಿಯೂ ದೇಹಕ್ಕೆ ಅಗತ್ಯವಾದ ಕೊಬ್ಬಿನಾಮ್ಲಗಳನ್ನು ಬಗೆಬಗೆಯ ಎಣ್ಣೆಕಾಳು, ಬೀಜ, ಸಿರಿಧಾನ್ಯ, ಬೇಳೆಕಾಳುಗಳಿಂದ ಪಡೆಯಿರಿ ಎನ್ನುತ್ತದೆ. ಈ ಮಾತು ಪುಸ್ತಕದಲ್ಲೇ ಉಳಿಯಬಾರದು. ಶಾಲೆಯ ಬಿಸಿಯೂಟಕ್ಕೆ, ಅಂಗನವಾಡಿಯ ಊಟಕ್ಕೆ ಒಂದು ಚಮಚ ಅಗಸೆ ಚಟ್ನಿಪುಡಿ ಸೇರಿಸುವುದು ಸರ್ಕಾರಕ್ಕೆ ದೊಡ್ಡ ಹೊರೆಯಲ್ಲ. ಅದನ್ನು ಮಹಿಳಾ ಸ್ವಸಹಾಯ ಸಂಘಗಳಿಂದಲೇ ಖರೀದಿಸಿದರೆ ಅಗಸೆ ಬೆಳೆಯುವ ರೈತರಿಗೂ ಮಾರುಕಟ್ಟೆ ಸಿಗುತ್ತದೆ. ಸರ್ಕಾರ ಈ ಕೆಲಸಕ್ಕೆ ಕೈಹಾಕಲಿ. ಓದುಗರು ಕ್ಯಾಪ್ಸೂಲ್ ಕೊಳ್ಳುವ ಮುನ್ನ ಮನೆಯ ಊಟದಲ್ಲಿ ಅಗಸೆಗೋ ಮೀನಿಗೋ ಜಾಗ ಮಾಡಿಕೊಡಲಿ.