ಸರ್ವಿಸ್ ದಾಖಲೆ ಕೇಳುವುದು ಅವಮಾನವೇ?

ನಮ್ಮ ನಡುವೆ ಹಳೆಯ ಕಾರಿನ ವ್ಯವಹಾರ ಹೇಗೆ ನಡೆಯುತ್ತದೆ ಎಂಬುದನ್ನು ಎಲ್ಲರೂ ಬಲ್ಲರು. ಜುಮಾ ನಮಾಝ್ ಮುಗಿದು ಜನ ಮಸೀದಿಯಿಂದ ಹೊರಬರುವಾಗ ಮಾತು ಆರಂಭವಾಗುತ್ತದೆ. "ನಮ್ಮವರದೇ ಗಾಡಿ, ಒಂದೇ ಕೈಯಲ್ಲಿ ಓಡಿದ್ದು, ಕಣ್ಣು ಮುಚ್ಚಿ ತೆಗೆದುಕೊಳ್ಳಿ" ಎಂದು ಮಧ್ಯವರ್ತಿ ಭರವಸೆ ನೀಡುತ್ತಾನೆ. ಊರಿನೊಳಗೆ ಒಂದು ಸುತ್ತು ಓಡಿಸಿ ನೋಡಿ, ಬೆಲೆಯಲ್ಲಿ ಐದೋ ಹತ್ತೋ ಸಾವಿರ ಇಳಿಸಿ, ಬಿಸ್ಮಿಲ್ಲಾ ಹೇಳಿ ಮುಂಗಡ ಕೊಟ್ಟರೆ ವ್ಯಾಪಾರ ಮುಗಿಯಿತು. ಈ ನಡುವೆ ಯಾರಾದರೂ "ಸರ್ವಿಸ್ ಬಿಲ್ಲುಗಳಿವೆಯೇ?" ಎಂದು ಕೇಳಿದರೆ ಮಾರುವವನ ಮುಖ ಬಿಗಿಯುತ್ತದೆ. "ಏಕೆ, ನಮ್ಮ ಮೇಲೆ ನಂಬಿಕೆಯಿಲ್ಲವೇ?" ಎಂಬ ಮರುಪ್ರಶ್ನೆ ಬರುತ್ತದೆ. ಕೇಳಿದವನೇ ನಾಚಿ ಸುಮ್ಮನಾಗುತ್ತಾನೆ.

ಇಲ್ಲಿಯೇ ನಾವು ಎಡವಿದ್ದೇವೆ. ನಾಚಿಕೆಪಡಬೇಕಾದವನು ಎದೆ ಸೆಟೆದು ನಿಂತಿದ್ದಾನೆ, ನ್ಯಾಯವಾದ ಪ್ರಶ್ನೆ ಕೇಳಿದವನು ತಲೆ ತಗ್ಗಿಸಿದ್ದಾನೆ.

ಹೀಗೆ ತಲೆ ತಗ್ಗಿಸಿದವರಲ್ಲಿ ನಾನೂ ಒಬ್ಬ. ಕೆಲವು ವರ್ಷಗಳ ಹಿಂದೆ ಪರಿಚಿತರೊಬ್ಬರಿಂದ ಡೀಸೆಲ್ ಕಾರೊಂದನ್ನು ಕೊಂಡಿದ್ದೆ. ಓಡೋಮೀಟರ್ 62,000 ಕಿಲೋಮೀಟರ್ ತೋರಿಸುತ್ತಿತ್ತು. ಸಂಕೋಚದಿಂದ ಯಾವ ಬಿಲ್ಲನ್ನೂ ಕೇಳಲಿಲ್ಲ. ನಾಲ್ಕು ತಿಂಗಳ ಬಳಿಕ ಕುಟುಂಬ ಸಮೇತ ಚಾರ್ಮಾಡಿ ಘಾಟಿ ಏರುತ್ತಿದ್ದಾಗ ಎಂಜಿನ್ ಒಮ್ಮೆಲೇ ನಿಂತಿತು. ಸ್ಟೇರಿಂಗ್ ಬಿಗಿಯಾಯಿತು, ಬ್ರೇಕ್ ಕಲ್ಲಿನಂತಾಯಿತು. ಹಿಂದೆ ಲಾರಿ, ಪಕ್ಕದಲ್ಲಿ ಕಣಿವೆ, ಹಿಂಬದಿಯ ಸೀಟಿನಲ್ಲಿ ತಾಯಿ ಮತ್ತು ಮಕ್ಕಳು. ಅಲ್ಲಾಹನು ಕಾಪಾಡಿದನು. ಬದಲಾಯಿಸಬೇಕಾದ ಕಾಲಕ್ಕೆ ಬದಲಾಯಿಸದೆ ಬಿಟ್ಟಿದ್ದ ಟೈಮಿಂಗ್ ಬೆಲ್ಟ್ ತುಂಡಾಗಿ, ಪಿಸ್ಟನ್‌ಗಳು ವಾಲ್ವ್‌ಗಳಿಗೆ ಬಡಿದು ಎಂಜಿನ್ ಹಾಳಾಗಿತ್ತು. ಅನಂತರ ಕಂಪೆನಿಯ ವರ್ಕ್‌ಶಾಪಿನಲ್ಲಿ ನೋಂದಣಿ ಸಂಖ್ಯೆ ಕೊಟ್ಟು ವಿಚಾರಿಸಿದಾಗ ನಿಜ ತಿಳಿಯಿತು. ಎರಡು ವರ್ಷಗಳ ಹಿಂದಿನ ಕೊನೆಯ ಸರ್ವಿಸಿನಲ್ಲೇ ಆ ಕಾರು 1,18,000 ಕಿಲೋಮೀಟರ್ ಓಡಿಯಾಗಿತ್ತು. ಮಾರಿದವರನ್ನು ಕೇಳಿದಾಗ ಅವರು ನೀಡಿದ ಉತ್ತರ ಇಷ್ಟೇ: "ನೀವು ಕೇಳಲೇ ಇಲ್ಲವಲ್ಲ!"

ಈ ಒಂದು ವಾಕ್ಯದ ವಿರುದ್ಧವೇ ನಾನು ಬರೆಯುತ್ತಿದ್ದೇನೆ.

ಪ್ರವಾದಿ ಮುಹಮ್ಮದ್(ಸ)ರು ಮಾರುಕಟ್ಟೆಯಲ್ಲಿ ಧಾನ್ಯದ ರಾಶಿಯೊಂದರೊಳಗೆ ಕೈ ಹಾಕಿದ ಘಟನೆ ನಮಗೆಲ್ಲ ತಿಳಿದಿದೆ. ಮೇಲೆ ಒಣಗಿದ್ದ ರಾಶಿಯ ಒಳಗೆ ಬೆರಳಿಗೆ ಒದ್ದೆ ತಾಗಿತು. ಮಳೆಗೆ ನೆನೆದಿದೆ ಎಂದು ವ್ಯಾಪಾರಿ ಕಾರಣ ಹೇಳಿದಾಗ, ಜನರಿಗೆ ಕಾಣುವಂತೆ ಅದನ್ನು ಮೇಲಿಡಬಾರದಿತ್ತೇ ಎಂದು ಪ್ರವಾದಿ(ಸ)ಯವರು ಕೇಳಿದರು. ವಂಚಿಸುವವನು ತನ್ನವನಲ್ಲ ಎಂದೂ ಎಚ್ಚರಿಸಿದರು. ಆ ವ್ಯಾಪಾರಿಯೂ "ಯಾರೂ ಕೇಳಲಿಲ್ಲ" ಎನ್ನಬಹುದಿತ್ತು. ಆದರೆ ದೋಷವನ್ನು ಹುಡುಕಿ ತೆಗೆಯುವ ಹೊಣೆಯನ್ನು ಅಲ್ಲಿ ಗಿರಾಕಿಯ ತಲೆಗೆ ಕಟ್ಟಲಿಲ್ಲ. ಒದ್ದೆಯಾದುದನ್ನು ಮೇಲಿಡುವ ಹೊಣೆ ಮಾರುವವನದೆಂದು ಸ್ಪಷ್ಟಪಡಿಸಲಾಯಿತು.

ಈ ಘಟನೆಯಲ್ಲಿ ನಾವು ಗಮನಿಸದೆ ಬಿಡುವ ಇನ್ನೊಂದು ಅಂಶವಿದೆ. ಪ್ರವಾದಿ(ಸ)ಯವರು ರಾಶಿಯ ಒಳಗೆ ಕೈ ಹಾಕಿ ನೋಡಿದರು. ಪರೀಕ್ಷಿಸುವುದು ಸಹೋದರನ ಮೇಲಿನ ಅಪನಂಬಿಕೆಯಾಗಿದ್ದರೆ ಅವರು ಹಾಗೆ ಮಾಡುತ್ತಿದ್ದರೇ? ಕುರ್‌ಆನಿನ ಅತಿ ದೀರ್ಘ ಸೂಕ್ತವಾದ ಅಲ್‌ಬಕರ ಅಧ್ಯಾಯದ 282ನೆಯ ಸೂಕ್ತವು ಸಾಲದ ವ್ಯವಹಾರವನ್ನು ಬರೆದಿಡಲು ಮತ್ತು ಕ್ರಯವಿಕ್ರಯಕ್ಕೆ ಸಾಕ್ಷಿಗಳನ್ನು ಇಟ್ಟುಕೊಳ್ಳಲು ಆದೇಶಿಸುತ್ತದೆ. ವಿಶ್ವಾಸಿಗಳ ನಡುವಿನ ವ್ಯವಹಾರಕ್ಕೇ ಈ ಆದೇಶ. ಹಾಗಿರುವಾಗ ದಾಖಲೆ ಕೇಳಿದರೆ ಸೋದರತ್ವಕ್ಕೆ ಧಕ್ಕೆಯಾಗುವುದು ಹೇಗೆ?

ಇಂದಿನ ಒದ್ದೆ ಧಾನ್ಯ ಯಾವುದು? ಲ್ಯಾಪ್‌ಟಾಪ್ ಜೋಡಿಸಿ ಹಿಂದಕ್ಕೆ ತಿರುಗಿಸಿದ ಓಡೋಮೀಟರ್. ಅಪಘಾತದಲ್ಲಿ ಬಾಗಿದ ಚಾಸಿಸನ್ನು ಮುಚ್ಚಿದ ಹೊಸ ಬಣ್ಣ. 2018ರಲ್ಲಿ ಕೊಡಗು ಮತ್ತು ಕೇರಳ ಕಂಡಂತಹ ನೆರೆಯಲ್ಲಿ ಮುಳುಗಿದ ಮೇಲೆ ತೊಳೆದು, ಹೊಸ ಸೀಟ್ ಕವರ್ ಹೊದಿಸಿ ದೂರದ ಊರಿನಲ್ಲಿ ಮಾರುವ ಕಾರು. ಇವುಗಳೊಳಗೆ ಕೈ ಹಾಕಿ ನೋಡುವುದು ಕಷ್ಟವೇನಲ್ಲ. ಪ್ರತಿ ಸರ್ವಿಸ್ ಬಿಲ್ಲಿನಲ್ಲೂ ದಿನಾಂಕ ಮತ್ತು ಕಿಲೋಮೀಟರ್ ಇರುತ್ತದೆ. ಅವುಗಳನ್ನು ಸಾಲಾಗಿ ಜೋಡಿಸಿದರೆ ಮೀಟರಿನ ಸುಳ್ಳು ತಾನಾಗಿಯೇ ಹೊರಬೀಳುತ್ತದೆ. ಬಿಲ್ಲುಗಳಿಲ್ಲವೆಂದರೆ ಮಾಲಕನನ್ನೇ ಜೊತೆಗೆ ಕರೆದುಕೊಂಡು ಕಂಪೆನಿಯ ವರ್ಕ್‌ಶಾಪಿಗೆ ಹೋಗಿ ದಾಖಲೆ ಕೇಳಬೇಕು. ಎಂಜಿನ್ ಆಯಿಲ್, ಬ್ರೇಕ್ ಆಯಿಲ್, ಟೈಮಿಂಗ್ ಬೆಲ್ಟ್ ಯಾವಾಗ ಬದಲಾದವು ಎಂಬುದನ್ನು ನೋಡಬೇಕು. ಮೀಟರ್ ಮೂವತ್ತು ಸಾವಿರ ತೋರಿಸುತ್ತಿದ್ದು, ಕ್ಲಚ್ ಪೆಡಲಿನ ರಬ್ಬರ್ ಸವೆದು ನುಣುಪಾಗಿದ್ದರೆ ಆ ರಬ್ಬರಿನ ಸಾಕ್ಷ್ಯವನ್ನೇ ನಂಬಬೇಕು. ಟೈರಿನ ಮೇಲಿನ ನಾಲ್ಕು ಅಂಕಿಗಳಲ್ಲಿ ಮೊದಲೆರಡು ತಯಾರಾದ ವಾರವನ್ನೂ ಕೊನೆಯೆರಡು ವರ್ಷವನ್ನೂ ಹೇಳುತ್ತವೆ. ಸೀಟ್ ಬೆಲ್ಟನ್ನು ಕೊನೆಯವರೆಗೆ ಎಳೆದಾಗ ಕೆಸರಿನ ಕಲೆ ಕಂಡರೆ ಅದು ನೀರು ಕುಡಿದ ಕಾರು. ಇಗ್ನಿಷನ್ ಆನ್ ಮಾಡಿದಾಗ ಏರ್‌ಬ್ಯಾಗ್ ದೀಪ ಒಮ್ಮೆ ಬೆಳಗಿ ಆರಬೇಕು. ಬೆಳಗುವುದೇ ಇಲ್ಲವೆಂದರೆ ಯಾರೋ ಆ ದೀಪವನ್ನೇ ತೆಗೆದಿರುವ ಸಾಧ್ಯತೆಯಿದೆ. ನಂಬಿಕೆಯ ಮೆಕ್ಯಾನಿಕ್‌ಗೆ ಕೊಡುವ ಸಾವಿರ ರೂಪಾಯಿಯನ್ನು ಉಳಿಸಲು ಹೋಗಿ ಲಕ್ಷ ಕಳೆದುಕೊಳ್ಳುವುದು ಜಾಣತನವಲ್ಲ.

ಕಾಗದಪತ್ರಗಳ ವಿಷಯದಲ್ಲಿಯೂ ಅಲಕ್ಷ್ಯ ಸಲ್ಲದು. ಆರ್‌ಸಿಯಲ್ಲಿ ಬ್ಯಾಂಕಿನ ಸಾಲ ನಮೂದಾಗಿದೆಯೇ, ಬಾಕಿ ದಂಡಗಳಿವೆಯೇ ಎಂಬುದನ್ನು ಪರಿವಾಹನ್ ಜಾಲತಾಣದಲ್ಲಿ ನೋಡಬಹುದು. ಫಾರಂ 29 ಮತ್ತು 30ಕ್ಕೆ ಸಹಿ ಹಾಕಿ ಕಪಾಟಿನಲ್ಲಿಟ್ಟರೆ ಮಾಲಕತ್ವ ಬದಲಾಗುವುದಿಲ್ಲ. ಅಪಘಾತ ಪರಿಹಾರದ ಹೊಣೆ ನೋಂದಣಿಯಲ್ಲಿ ಹೆಸರಿರುವ ಮಾಲಕನ ಮೇಲೆಯೇ ಬೀಳುತ್ತದೆ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಸ್ಪಷ್ಟಪಡಿಸಿದೆ. ಆದುದರಿಂದ ಹೆಸರು ಬದಲಾವಣೆ ಮಾರುವವನ ರಕ್ಷಣೆಗೂ ಅಗತ್ಯ.

"ಅಲ್ಲಾಹನ ಮೇಲೆ ಭರವಸೆಯಿಟ್ಟು ತೆಗೆದುಕೊಂಡೆ" ಎನ್ನುವವರಿದ್ದಾರೆ. ಮೊದಲು ಒಂಟೆಯನ್ನು ಕಟ್ಟಿ, ಬಳಿಕ ಭರವಸೆಯಿಡಲು ಕಲಿಸಿದ ಪ್ರವಾದಿ(ಸ)ಯ ಅನುಯಾಯಿಗಳು ನಾವು. ಪರೀಕ್ಷಿಸದೆ ಕೊಳ್ಳುವುದು ತವಕ್ಕುಲ್ ಅಲ್ಲ, ಅದು ಸೋಮಾರಿತನ. ಅದರ ಬೆಲೆಯನ್ನು ತೆರುವವರು ಮನೆಯ ಹೆಂಗಸರು ಮತ್ತು ಮಕ್ಕಳು. ಅನೇಕ ಕುಟುಂಬಗಳಲ್ಲಿ ಹಳೆಯ ಕಾರಿಗೆ ಹೋಗುವ ಹಣ ಗಲ್ಫಿನ ಬಿಸಿಲಿನಲ್ಲಿ ವರ್ಷಗಟ್ಟಲೆ ದುಡಿದು ಕೂಡಿಟ್ಟದ್ದು.

"ದೋಷ ಹೇಳಿದರೆ ಗಾಡಿ ಯಾರು ಕೊಳ್ಳುತ್ತಾರೆ? ಎಲ್ಲರೂ ಹೀಗೆಯೇ ಮಾರುತ್ತಾರೆ" ಎಂಬುದು ಇನ್ನೊಂದು ವಾದ. ದೋಷ ಹೇಳಿದರೆ ಗಾಡಿ ಮಾರಾಟವಾಗದೆ ಇರುವುದಿಲ್ಲ, ಬೆಲೆ ಕಡಿಮೆಯಾಗುತ್ತದೆ ಅಷ್ಟೇ. ಮುಚ್ಚಿಟ್ಟು ಪಡೆದ ಆ ಹೆಚ್ಚುವರಿ ಐವತ್ತು ಸಾವಿರ ಯಾರದು? ಸತ್ಯ ಹೇಳಿ ದೋಷವನ್ನು ತೆರೆದಿಟ್ಟ ವ್ಯಾಪಾರದಲ್ಲಿ ಬರಕತ್ ಇದೆಯೆಂದೂ, ಮುಚ್ಚಿಟ್ಟರೆ ಅದು ಅಳಿದುಹೋಗುತ್ತದೆಂದೂ ಹದೀಸ್ ನಮಗೆ ಹೇಳುತ್ತದೆ. ದೋಷವನ್ನು ಮುಚ್ಚಿಟ್ಟು ಮಾರಿದ ವಸ್ತುವನ್ನು ಹಿಂದಿರುಗಿಸುವ ಹಕ್ಕು ಕೊಂಡವನಿಗಿದೆ ಎಂದು ಕರ್ಮಶಾಸ್ತ್ರ ಹೇಳುತ್ತದೆ. ಇಮಾಮ್ ಅಬೂಹನೀಫಾ(ರ)ರು ಬಟ್ಟೆ ವ್ಯಾಪಾರಿಯೂ ಆಗಿದ್ದರು. ಅವರ ಪಾಲುದಾರರು ದೋಷವನ್ನು ತಿಳಿಸಲು ಮರೆತು ಬಟ್ಟೆಯೊಂದನ್ನು ಮಾರಿದಾಗ, ಗಿರಾಕಿ ಯಾರೆಂದು ಪತ್ತೆಯಾಗದೆ, ಬಂದ ಹಣವನ್ನು ಅವರು ದಾನ ಮಾಡಿದರೆಂದು ಅವರ ಜೀವನಚರಿತ್ರೆಗಳು ಹೇಳುತ್ತವೆ. ಅಲ್ಲಿದ್ದುದು ಬರಿಯ ಮರೆವು. ನಾವಾದರೋ ಮೀಟರನ್ನೇ ತಿರುಗಿಸಿ, ಅದೇ ಹಣದಲ್ಲಿ ಉಮ್ರಾಕ್ಕೆ ಹೊರಡುತ್ತೇವೆ!

ಸಹೋದರರೇ, ಕಾರು ಮಾರುವ ಮುನ್ನ ಒಂದು ಹಾಳೆ ತೆಗೆದುಕೊಳ್ಳಿ. ಎಷ್ಟು ಓಡಿದೆ, ಎಲ್ಲಿ ತಾಗಿದೆ, ಯಾವ ಭಾಗ ಬದಲಾಗಬೇಕಿದೆ ಎಂಬುದನ್ನು ಬರೆದು, ಸಹಿ ಹಾಕಿ, ಬಿಲ್ಲುಗಳೊಂದಿಗೆ ಕೊಳ್ಳುವವನ ಕೈಗಿಡಿ. ಕೊಳ್ಳುವವರೇ, ಸಂಕೋಚವಿಲ್ಲದೆ ಕೇಳಿ. ಕೇಳಿದಾಗ ಸಿಟ್ಟಾಗುವವನ ಗಾಡಿಯನ್ನು ಅಲ್ಲಿಯೇ ಬಿಟ್ಟು ಬನ್ನಿ.

"ನೀವು ಕೇಳಲಿಲ್ಲ" ಎಂಬ ಉತ್ತರ ನನ್ನ ಮುಂದೆ ನಡೆಯಿತು. ನನ್ನಲ್ಲಿ ದಾಖಲೆಯಿರಲಿಲ್ಲ, ವಾದಿಸುವ ಶಕ್ತಿಯೂ ಇರಲಿಲ್ಲ. ಎಲ್ಲವೂ ದಾಖಲಾಗಿರುವ ಆ ವಿಚಾರಣೆಯ ದಿನದಂದು ಈ ಉತ್ತರ ನಡೆಯುವುದೇ?